ಓದದೆ ಮಡಚಿಟ್ಟ ಚೀಟಿ

ಮುಂಡರಗಿಯಲ್ಲಿ ನಮ್ಮ ಕಚೇರಿ ಇದ್ದದ್ದು ಒಂದು ಬಾಡಿಗೆ ಮನೆಯಲ್ಲಿ. ಹೊರಗಿನ ಕೋಣೆಯಲ್ಲಿ ಎರಡು ಮೇಜು, ಒಂದು ಕಂಪ್ಯೂಟರ್. ಒಳಗಿನ ಕೋಣೆಯಲ್ಲಿ ಹಗ್ಗ, ಬೆಲ್ಟು, ಗ್ರೀಸ್ ಡಬ್ಬಿ, ನಟ್ಟು ಬಿಚ್ಚುವ ಪಾನಾಗಳ ಪೆಟ್ಟಿಗೆ. ಡಂಬಳದ ಸುತ್ತಲಿನ ಗುಡ್ಡಗಳ ಮೇಲೆ ನಿಂತ ಗಾಳಿಯಂತ್ರಗಳನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಊರಿನವರು ಅವನ್ನು ಫ್ಯಾನ್ ಎನ್ನುತ್ತಿದ್ದರು, ನಮ್ಮ ಬಾಯಲ್ಲೂ ಅದೇ ಬಂದುಬಿಟ್ಟಿತ್ತು. ಯಾವುದಾದರೂ ಫ್ಯಾನ್ ನಿಂತರೆ ಟವರಿನ ಒಳಗಿನ ಕಬ್ಬಿಣದ ಏಣಿ ಹತ್ತಿ, ತುದಿಯಲ್ಲಿರುವ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂತು ರಿಪೇರಿ ಮಾಡಿ, ಮತ್ತೆ ತಿರುಗಿಸಿ ಇಳಿಯಬೇಕು. ಆ ಸೈಟಿಗೆ ನಾನು ಇನ್‌ಚಾರ್ಜ್ ಆಗಿದ್ದೆ.

ತಂಡ ಸಣ್ಣದು. ಟವರ್ ಏರುವವರು ಮೂವರು. ಅವರಲ್ಲಿ ಹಿರಿಯರು ಹಮ್ಮಿಗಿಯವರು, ಐವತ್ತರ ಹತ್ತಿರ ಬಂದಿದ್ದರು. ಎಲ್ಲರೂ ಅವರನ್ನು ಅಣ್ಣಾರು ಎಂದೇ ಕರೆಯುತ್ತಿದ್ದೆವು. ಇನ್ನೊಬ್ಬರು ಲಕ್ಷ್ಮೇಶ್ವರದವರು, ಮಾತು ಬಹಳ ಕಡಿಮೆ. ಮೂರನೆಯವನು ಶಿರಹಟ್ಟಿಯವನು, ಮನಸ್ಸಿಗೆ ಬಂದದ್ದನ್ನು ಮುಖದ ಮೇಲೆ ಆಡುವವನು. ಇವರಲ್ಲದೆ ಗಾಡಿ ಓಡಿಸುವವನೊಬ್ಬ, ಡಂಬಳದ ಕಡೆಯ ಟವರುಗಳನ್ನು ಕಾಯುವ ವಯಸ್ಸಾದ ಕಾವಲುಗಾರನೊಬ್ಬ. ಕಾವಲುಗಾರನಿಗೆ ನಾವು ಕಾಕಾ ಎನ್ನುತ್ತಿದ್ದೆವು.

ನಾನು ಬೆಟಗೇರಿಯ ಮಗ್ಗದ ಮನೆಯವನು. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಸೇರಿದಾಗ ನನ್ನನ್ನು ಮೊದಲ ಸಲ ಟವರ್ ಏರಿಸಿದವರು ಅಣ್ಣಾರು. ಅರ್ಧ ದಾರಿಯಲ್ಲಿ ನಾನು ಏಣಿ ಹಿಡಿದು ನಿಂತುಬಿಟ್ಟಾಗ ಅವರು ಕೆಳಗಿನಿಂದ ಹೇಳಿದ್ದರು: "ಕೆಳಗ ನೋಡಬ್ಯಾಡ ಅಂತ ಎಲ್ಲಾರೂ ಹೇಳ್ತಾರ. ನಾ ಹಂಗ ಹೇಳೂದಿಲ್ಲ. ಒಮ್ಮೆ ನೋಡಿಬಿಡು. ಆಮ್ಯಾಲ ನಿನ್ನ ಕೈ ಎಲ್ಲಿ ಐತಿ, ಅಷ್ಟ ನೋಡಕೋತ ನಡಿ." ಕೆಲವು ವರ್ಷಗಳ ಮೇಲೆ ನನ್ನ ಡಿಪ್ಲೊಮಾ ಕಾಗದ ನನ್ನನ್ನು ಅವರ ಮೇಲಿನ ಕುರ್ಚಿಗೆ ತಂದು ಕೂರಿಸಿತು. ಆ ಮರುದಿನದಿಂದಲೇ ಅವರು ನನ್ನನ್ನು ಬಹುವಚನದಲ್ಲಿ ಮಾತಾಡಿಸತೊಡಗಿದರು. ಬೇಡವೆಂದೆ. "ಕೆಲಸದ ಜಾಗಾ ಐತ್ರಿ ಸರ, ಹಂಗ ಇರಬೇಕು" ಎಂದರು. ಅದರಲ್ಲಿ ಕಹಿ ಇರಲಿಲ್ಲ. ಆದರೂ ನಮ್ಮಿಬ್ಬರ ನಡುವೆ ಒಂದು ಮೇಜು ಬಂದು ನಿಂತಂತಾಯಿತು.

ಆ ವರ್ಷ ಹುಬ್ಬಳ್ಳಿಯಿಂದ ನಮ್ಮ ಮೇಲಧಿಕಾರಿಯ ಫೋನು ಮೇಲಿಂದ ಮೇಲೆ ಬರತೊಡಗಿತು. ನಮ್ಮ ಸೈಟಿನಲ್ಲಿ ಒಂದು ಯಂತ್ರ ನಿಂತರೆ ಮತ್ತೆ ತಿರುಗಲು ಬೇರೆ ಕಡೆಗಿಂತ ಬಹಳ ಹೊತ್ತು ಹಿಡಿಯುತ್ತಿತ್ತು. "ನೀವು ಕಾರಣ ಹುಡುಕಿ. ನೀವೊಬ್ಬರೇ ಅಲ್ಲ, ಹುಡುಗರನ್ನೆಲ್ಲ ಕೂರಿಸಿಕೊಂಡು ಹುಡುಕಿ" ಎಂದರು. ಅದಕ್ಕೂ ಮೊದಲು ಹುಬ್ಬಳ್ಳಿಯಲ್ಲಿ ನಮ್ಮಂಥ ಇನ್‌ಚಾರ್ಜ್‌ಗಳಿಗೆ ಎರಡು ದಿನದ ತರಬೇತಿ ಆಗಿತ್ತು. ಎಲ್ಲರೂ ಸುತ್ತ ಕೂತು ಒಂದೇ ಸಮಸ್ಯೆಯ ಬಗ್ಗೆ ತಲೆಗೆ ಬಂದದ್ದನ್ನು ಹೇಳಬೇಕು. ಯಾರ ಮಾತನ್ನೂ ತೆಗೆದುಹಾಕಬಾರದು, ಬೈಯಬಾರದು, ನಗಬಾರದು. ಬಂದದ್ದನ್ನೆಲ್ಲ ದೊಡ್ಡ ಹಾಳೆಯ ಮೇಲೆ ಬರೆಯಬೇಕು. ಆರಿಸುವುದು ಆಮೇಲೆ. ಬಾಯಿ ಬಿಡಲು ಹಿಂಜರಿಯುವವರಿದ್ದರೆ ಹೆಸರಿಲ್ಲದ ಚೀಟಿ ಬರೆಸಿ ಗಟ್ಟಿಯಾಗಿ ಓದಬೇಕು. ಇದನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಚಂದವಾಗಿ ಬರೆದುಕೊಂಡು ಬಂದಿದ್ದೆ.

ಒಂದು ಶನಿವಾರ ಮಧ್ಯಾಹ್ನ ಎಲ್ಲರನ್ನೂ ಕಚೇರಿಗೆ ಕರೆದೆ. ಚುರಮರಿ, ಮಿರ್ಚಿ, ಚಹಾ ತರಿಸಿದೆ. ಮೇಜು ಬದಿಗೆ ಸರಿಸಿ ಚಾಪೆ ಹಾಸಿದೆ. ಕುರ್ಚಿಯ ಮೇಲೆ ಕೂತರೆ ನಾನು ಸಾಹೇಬ, ಚಾಪೆಯ ಮೇಲೆ ಕೂತರೆ ಎಲ್ಲರೂ ಒಂದೇ ಎಂದುಕೊಂಡಿದ್ದೆ. ಗೋಡೆಗೆ ಬಿಳಿ ಹಾಳೆ ಅಂಟಿಸಿ ಮೇಲೆ ಬರೆದೆ: 'ರಿಪೇರಿ ಯಾಕೆ ತಡವಾಗುತ್ತದೆ?'

"ಇಲ್ಲಿ ಏನ ಹೇಳಿದರೂ ತಪ್ಪಲ್ಲ. ಯಾರಿಗೂ ನಾ ಏನೂ ಅನ್ನಾಂವಲ್ಲ" ಎಂದೆ.

ಎಲ್ಲರೂ ಚುರಮರಿಗೆ ಕೈ ಹಾಕಿದರು. ಕೊನೆಗೆ ಗಾಡಿಯವನು ಶುರು ಮಾಡಿದ. ಮಳೆಯಾದರೆ ಎರಿಮಣ್ಣಿನಲ್ಲಿ ಗಾಡಿ ಹೂತುಕೊಳ್ಳುತ್ತದೆ, ಒಂದೇ ಗಾಡಿ ಎಲ್ಲ ಕಡೆ ಓಡಾಡಬೇಕು ಎಂದ. ಬರೆದೆ. ಶಿರಹಟ್ಟಿಯವನು, ಬಿಡಿಭಾಗ ಹುಬ್ಬಳ್ಳಿಯಿಂದ ಬರುವಷ್ಟರಲ್ಲಿ ವಾರ ಕಳೆಯುತ್ತದೆ ಎಂದ. ಬರೆದೆ. ಅಣ್ಣಾರು, ಹಗ್ಗಗಳು ಹಳೆಯವಾಗಿವೆ, ಪ್ರತಿ ಸಲ ಪರೀಕ್ಷೆ ಮಾಡುವುದರಲ್ಲಿ ಹೊತ್ತು ಹೋಗುತ್ತದೆ ಎಂದರು. ಅದನ್ನೂ ಬರೆದೆ. ಲಕ್ಷ್ಮೇಶ್ವರದವರು ಚಾಪೆಯ ಎಳೆ ಕೀಳುತ್ತ ಕೂತಿದ್ದರು. "ನೀವರ ಏನರ ಹೇಳ್ರಿ" ಎಂದದ್ದಕ್ಕೆ, "ಇವರೆಲ್ಲಾ ಹೇಳಿದ್ದ ಖರೆ ಐತ್ರಿ" ಎಂದರು. ಕಾಕಾ ಬಾಯಿ ತೆರೆಯಲು ಹೋದದ್ದು ನನಗೆ ಕಂಡಿತು. ಅಷ್ಟರಲ್ಲಿ ಶಿರಹಟ್ಟಿಯವನು ಮತ್ತೆ ಬಿಡಿಭಾಗದ ಮಾತು ತೆಗೆದ, ಕಾಕಾ ಸುಮ್ಮನಾದ. ನಾನು ಅವನ ಕಡೆ ತಿರುಗಿ ಕೇಳಲಿಲ್ಲ. ಕಾವಲು ಕಾಯುವವನಿಗೆ ರಿಪೇರಿಯ ಬಗ್ಗೆ ಏನು ಗೊತ್ತಿರುತ್ತದೆ ಎಂಬ ಭಾವನೆ ನನ್ನಲ್ಲಿ ಇದ್ದಿರಬೇಕು.

ಹಾಳೆ ತುಂಬಿತು. ಬರೆದದ್ದೆಲ್ಲ ಸುಳ್ಳೂ ಅಲ್ಲ. ಆದರೆ ರಸ್ತೆ, ಗಾಡಿ, ಬಿಡಿಭಾಗದ ತೊಂದರೆ ಬೇರೆ ಸೈಟಿನವರಿಗೂ ಇತ್ತು. ನಮ್ಮಲ್ಲಿ ಮಾತ್ರ ಇರುವ ಕಾರಣ ಆ ಹಾಳೆಯಲ್ಲಿ ಬಂದಿರಲಿಲ್ಲ. ಹಾಗಾಗಿ ಚೀಟಿ ಬರೆಸೋಣವೆಂದುಕೊಂಡೆ. ಒಂದೊಂದು ಕಾಗದ, ಒಂದೊಂದು ಪೆನ್ನು ಕೊಟ್ಟೆ. ಕಾಕಾನಿಗೆ ಬರೆಯಲು ಬಾರದು; ಅವನು ಹೇಳಿದ್ದನ್ನು ಗಾಡಿಯವನು ಬರೆದುಕೊಟ್ಟ. ಐದು ಚೀಟಿಗಳು ನನ್ನ ಚಹಾದ ತಟ್ಟೆಗೆ ಬಿದ್ದವು.

ಒಂದೊಂದೇ ಬಿಚ್ಚಿ ಓದಿದೆ. ಗಾಡಿ ಎರಡು ಬೇಕು. ಬಿಡಿಭಾಗ ಮುಂಡರಗಿಯಲ್ಲೇ ಇರಬೇಕು. ರಜೆ ಸರಿಯಾಗಿ ಸಿಗುವುದಿಲ್ಲ. ನಾಲ್ಕನೆಯದನ್ನು ಬಿಚ್ಚಿದೆ. ಅಚ್ಚಿನಂತೆ ಬಿಡಿಬಿಡಿಯಾಗಿ ಬರೆದ ಅಕ್ಷರ: 'ನಮ್ಮೊಳಗ ಒಬ್ಬರಿಗೆ ಮ್ಯಾಲ ಏರಾಕ ಆಗವಲ್ದು. ಅವರ ಪಾಳಿ ಉಳದವರು ಏರ್ತಾರ. ತಡ ಅದಕ್ಕ ಆಗತೈತಿ.'

ಯಾರೆಂದು ಬರೆದಿರಲಿಲ್ಲ. ಆದರೂ ನನಗೆ ಆ ಕ್ಷಣಕ್ಕೇ ತಿಳಿಯಿತು. ಮೂರು ನಾಲ್ಕು ಸಲ ನಾನು ಹೇಳದೆ ಸೈಟಿಗೆ ಹೋದಾಗ ಅಣ್ಣಾರು ಟವರಿನ ಬುಡದಲ್ಲೇ ಇದ್ದರು. ಒಮ್ಮೆ ವಾಕಿಟಾಕಿ ಕೆಟ್ಟಿದೆ ಎಂದಿದ್ದರು, ಒಮ್ಮೆ ಈಗಷ್ಟೇ ಇಳಿದೆ ಎಂದಿದ್ದರು. ಮೇಲೆ ಏರುವಾಗ ಇಬ್ಬರು ಇರಲೇಬೇಕು ಎನ್ನುವುದು ಕಟ್ಟುನಿಟ್ಟಿನ ನಿಯಮ. ಮೂವರಲ್ಲಿ ಒಬ್ಬರು ಏರದಿದ್ದರೆ ಉಳಿದ ಇಬ್ಬರೇ ಎಲ್ಲ ಕಡೆ ಏರಬೇಕು. ಒಬ್ಬರು ಬೇರೆ ಕೆಲಸಕ್ಕೆ ಹೋಗಿದ್ದರೆ ಅವರು ಬರುವ ತನಕ ಯಂತ್ರ ನಿಂತೇ ಇರುತ್ತದೆ. ಏರಿದವರ ಹೆಸರು ಬರೆಯುವ ರಿಜಿಸ್ಟರಿನಲ್ಲಿ ಅಣ್ಣಾರ ಸಹಿ ವಾರವಾರವೂ ಇತ್ತು. ಅದರ ಕೆಳಗೆ ನನ್ನ ಸಹಿ.

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಅಣ್ಣಾರು ಮಾತ್ರ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಇಷ್ಟು ಜನರ ಮುಂದೆ ಇದನ್ನು ಓದಿದರೆ ಅವರ ಮಾನ ಏನಾಗಬೇಕು ಎನಿಸಿತು. "ಇದರಾಗೂ ಗಾಡೀದ ಬರದಾರ" ಎಂದು ಹೇಳಿ, ಚೀಟಿ ಮಡಚಿ ಕಿಸೆಗೆ ಹಾಕಿಕೊಂಡು ಐದನೆಯದನ್ನು ಎತ್ತಿಕೊಂಡೆ. ಅದರಲ್ಲಿ ಏನಿತ್ತೆಂಬುದು ಇವತ್ತಿಗೂ ನೆನಪಿಲ್ಲ.

ಮನೆಗೆ ಹೋಗುವಾಗ ಮನಸ್ಸು ಹಗುರವಾಗಿತ್ತು. ನನಗೆ ಮೊದಲ ಪಾಠ ಹೇಳಿದವರ ಮರ್ಯಾದೆ ಉಳಿಸಿದೆ ಎಂದುಕೊಂಡೆ. ಅದರ ಜೊತೆಗೇ ಇದನ್ನು ಬರೆದವನು ಯಾರು ಎಂಬ ಸಿಟ್ಟು. ಲಕ್ಷ್ಮೇಶ್ವರದವರು ಹೀಗೆ ಮಾಡುವವರಲ್ಲ. ಹಾಗಾದರೆ ಶಿರಹಟ್ಟಿಯವನೇ. ಅವನ ಬಾಯಿಯೂ ಹಾಗೇ ಇತ್ತಲ್ಲ. ಅಂದಿನಿಂದ ಅವನೊಂದಿಗೆ ನಾನು ಬೇಕಾದಷ್ಟೇ ಮಾತಾಡತೊಡಗಿದೆ. ಅವನು ಎರಡು ದಿನದ ರಜೆ ಕೇಳಿದಾಗ ಒಂದೇ ದಿನ ಕೊಟ್ಟೆ. "ಯಾಕ್ರಿ ಸರ, ನನ್ನ ಮ್ಯಾಲ ಏನರ ಸಿಟ್ಟ ಐತೇನ್ರಿ?" ಎಂದು ಅವನು ಕೇಳಿಯೂ ಬಿಟ್ಟ. ಇಲ್ಲ ಎಂದೆ.

ಹುಬ್ಬಳ್ಳಿಗೆ ವರದಿ ಹೋಯಿತು: ರಸ್ತೆ, ಗಾಡಿ, ಬಿಡಿಭಾಗ, ಹಗ್ಗ. ಸಾಹೇಬರು ಮೆಚ್ಚಿದರು. ತಿಂಗಳೊಳಗೆ ಇನ್ನೊಂದು ಗಾಡಿ, ಹೊಸ ಹಗ್ಗ ಬಂದವು. ತಡವಾಗುವುದು ಮಾತ್ರ ತಪ್ಪಲಿಲ್ಲ, ಯಾಕೆಂದರೆ ಗಾಡಿ ಎರಡಾದರೂ ಏರುವವರು ಇಬ್ಬರೇ ಇದ್ದರು. ಇದನ್ನು ಗುಟ್ಟಾಗಿ ಇಟ್ಟಿದ್ದೇನೆ ಎಂದು ನಾನು ತಿಳಿದಿದ್ದೆ. ಆ ಚೀಟಿ ಬರುವವರೆಗೆ ಅದು ಗೊತ್ತಿಲ್ಲದವನು ನಿಜಕ್ಕೂ ನಾನೊಬ್ಬನೇ ಆಗಿದ್ದೆ.

ಅಣ್ಣಾರಿಗೆ ನಾನು ಕಾರಣ ಹೇಳದೆಯೇ ಕೆಳಗಿನ ಕೆಲಸ ಹಚ್ಚತೊಡಗಿದೆ. ಇವತ್ತು ಹಗ್ಗ ಎಣಿಸಿ, ನಾಳೆ ಗದಗಿಗೆ ಹೋಗಿ ಗ್ರೀಸ್ ತನ್ನಿ, ನಾಡಿದ್ದು ಬೇಲಿ ನೋಡಿ ಬನ್ನಿ. ಅವರು ಹೂಂ ಎನ್ನುತ್ತಿದ್ದರು. ಮೊದಲು ಕೆಲಸ ಮುಗಿಸಿ ಬಂದ ಮೇಲೆ ನನ್ನ ಮೇಜಿನ ಮುಂದೆ ಹತ್ತು ನಿಮಿಷ ಕೂತು ಮಾತಾಡಿ ಹೋಗುವ ರೂಢಿ ಅವರಿಗಿತ್ತು. ಅದು ನಿಂತುಹೋಯಿತು. ಕೀಲಿ ಇಟ್ಟು ಹೊರಟುಬಿಡುತ್ತಿದ್ದರು. ನಾನು ಅದನ್ನು ನಾಚಿಕೆ ಎಂದುಕೊಂಡೆ. ಕರೆದು ಕೂರಿಸಿ ಕೇಳಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ, ದಿನಾ ಮುಂದಕ್ಕೆ ಹಾಕುತ್ತಿದ್ದೆ.

ಆಷಾಢ ಬಂತು. ನಮ್ಮ ಕಡೆ ಆಷಾಢದ ಗಾಳಿ ಎಂದರೆ ಹೊಲದಲ್ಲಿ ನಿಂತವನ ಟವೆಲ್ಲು ಹೆಗಲ ಮೇಲೆ ನಿಲ್ಲುವುದಿಲ್ಲ. ಯಂತ್ರಗಳಿಗೆ ಅದೇ ಸುಗ್ಗಿ, ಅದೇ ಹೊತ್ತಿನಲ್ಲಿ ಕೆಡುವುದೂ ಹೆಚ್ಚು. ಒಂದು ಬೆಳಿಗ್ಗೆ ಡಂಬಳದ ಕೆರೆಯ ಆಚೆಗಿನ ಗುಡ್ಡದಲ್ಲಿ ಒಂದು ಯಂತ್ರ ನಿಂತಿತ್ತು. ಗಾಳಿ ಇನ್ನೂ ಬಿರುಸಾಗಿರಲಿಲ್ಲ, ಏರಲು ಅಡ್ಡಿಯಿರಲಿಲ್ಲ. ಬುಡದ ಕೆಲಸವೊಂದಕ್ಕೆ ಶಿರಹಟ್ಟಿಯವನನ್ನು ಹೊಸ ಗಾಡಿಯಲ್ಲಿ ಬೇರೆ ಟವರಿಗೆ ಕಳಿಸಿದ್ದೆ. ಅವನು ಬರಲಿ ಎಂದು ಕಾಯುತ್ತ ನಿಂತಿದ್ದೆವು. ಅಣ್ಣಾರು ಗಾಡಿಯಿಂದ ಬೆಲ್ಟು ಇಳಿಸಿಕೊಂಡು ಸೊಂಟಕ್ಕೆ ಬಿಗಿಯತೊಡಗಿದರು.

"ಇವತ್ತ ನಾ ಏರ್ತೀನ್ರಿ" ಎಂದರು.

ಲಕ್ಷ್ಮೇಶ್ವರದವರು ಗಾಬರಿಯಿಂದ ನನ್ನತ್ತ ನೋಡಿದರು. "ಅಂವಾ ಬರಲಿ ತಡೀರಿ ಅಣ್ಣಾರ, ಏನ್ ಅವಸರ ಐತಿ" ಎಂದೆ.

"ಎಷ್ಟ ದಿನಾ ಅಂವಾ ಬರಲಿ ಅಂತ ಕಾಯೂದ್ರಿ? ನನ್ನ ಪಾಳಿ ಐತಿ, ನಾ ಏರ್ತೀನಿ."

ಆಗಲಾದರೂ ನಾನು ಬಾಯಿಬಿಟ್ಟು ಬೇಡ ಎನ್ನಬೇಕಾಗಿತ್ತು. ಬೇಡ ಎಂದರೆ ಕಾರಣ ಹೇಳಬೇಕು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಲಕ್ಷ್ಮೇಶ್ವರದವರು ಮುಂದೆ, ಅಣ್ಣಾರು ಹಿಂದೆ, ಟವರಿನ ಬಾಗಿಲು ದಾಟಿ ಒಳಗೆ ಹೋದರು.

ಟವರಿನ ಒಳಗೆ ಏಣಿಯ ದಾರಿಯಲ್ಲಿ ಅಲ್ಲಲ್ಲಿ ನಿಂತು ದಣಿವಾರಿಸಿಕೊಳ್ಳಲು ಕಬ್ಬಿಣದ ಅಟ್ಟಗಳಿವೆ. ಸ್ವಲ್ಪ ಹೊತ್ತಿಗೆ ವಾಕಿಟಾಕಿಯಲ್ಲಿ ಲಕ್ಷ್ಮೇಶ್ವರದವರ ದನಿ ಬಂತು. ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು. "ಸರ, ಅಣ್ಣಾರು ಎರಡನೇ ಅಟ್ಟದಾಗ ಅದಾರ. ಮ್ಯಾಲೂ ಬರವಲ್ರು, ಕೆಳಗೂ ಇಳಿಯವಲ್ರು. ಏಣಿ ಬಿಡವಲ್ರು. ನಾ ಅವರ ತೆಲಿ ಮ್ಯಾಗ ಅದೀನಿ. ನನಗ ದಾಟಿ ಇಳಿಯಾಕ ಬರೂದಿಲ್ಲ. ಕೆಳಗಿಂದ ಯಾರರ ಬರಬೇಕ್ರಿ."

ಕೆಳಗೆ ಇದ್ದವರು ಗಾಡಿಯವನು, ಕಾಕಾ, ನಾನು. ನಾನು ಏರದೆ ಎರಡು ವರ್ಷದ ಮೇಲಾಗಿತ್ತು. ಬೆಲ್ಟು ಕಟ್ಟಿಕೊಂಡೆ. ಕಾಕಾ ಬಂದು ಬೆನ್ನಿನ ಕೊಂಡಿ ಎಳೆದು ನೋಡಿ, "ಸಾವಕಾಶ ಹೋಗ್ರಿ ಸಾಹೇಬ್ರ" ಎಂದ.

ಏರುವಾಗ ನನ್ನ ಉಸಿರೇ ನನಗೆ ಟವರಿನ ತುಂಬ ಕೇಳಿಸುತ್ತಿತ್ತು. ಹೊರಗಿನ ಗಾಳಿಗೆ ಕಬ್ಬಿಣದ ಗೋಡೆ ಒಂದೇ ಸಮ ಗುಂಯ್‌ಗುಡುತ್ತಿತ್ತು. ಎರಡನೆಯ ಅಟ್ಟದಲ್ಲಿ ಅಣ್ಣಾರು ಏಣಿಯನ್ನು ಎರಡೂ ತೋಳಿನಲ್ಲಿ ತಬ್ಬಿಕೊಂಡು, ಹಣೆಯನ್ನು ಮೆಟ್ಟಿಲಿಗೆ ಒತ್ತಿ ನಿಂತಿದ್ದರು. ಕಾಲು ಅಟ್ಟದ ಮೇಲಿದ್ದವು, ಬಿದ್ದುಹೋಗುವ ಭಯವೇನೂ ಇರಲಿಲ್ಲ. ಅಂಗಿ ಬೆನ್ನಿಗೆ ಅಂಟಿಹೋಗಿತ್ತು. ನಾನು ಅವರ ಬೆಲ್ಟಿಗೆ ಇನ್ನೊಂದು ಕೊಂಡಿ ಹಾಕಿ ಪಕ್ಕದಲ್ಲಿ ಕೂತೆ.

"ಕೈ ಬಿಡಾಕ ಬರವಲ್ದು" ಎಂದರು ಕಣ್ಣು ಮುಚ್ಚಿಕೊಂಡೇ. "ಬಿಡು ಅಂತ ಹೇಳಾಕತ್ತೀನಿ, ಅವು ಕೇಳವಲ್ವು."

"ಕೇಳತಾವ. ಅವಸರ ಇಲ್ಲ. ಕೂಡೂಣು."

ಬಹಳ ಹೊತ್ತಿನ ಮೇಲೆ ಅವರ ಒಂದು ಕೈ ಸಡಿಲವಾಯಿತು. ಅದನ್ನು ನಾನು ನನ್ನ ಕೈಯಲ್ಲಿ ತೆಗೆದುಕೊಂಡೆ. ಬೆರಳು ತಣ್ಣಗಿದ್ದವು. ಹಾಗೇ ಜಾರುತ್ತ ಬಂದು ಅವರೂ ಅಟ್ಟದ ಮೇಲೆ ಕೂತರು. ನಮ್ಮ ತಲೆಯ ಮೇಲೆ, ಏಣಿಗೆ ಕೊಂಡಿ ಹಾಕಿಕೊಂಡು ಲಕ್ಷ್ಮೇಶ್ವರದವರು ನಿಂತಿದ್ದರು.

"ಆ ಚೀಟಿ ನೀವು ಓದಲಿಲ್ಲ" ಎಂದರು ಅಣ್ಣಾರು.

ನಾನು ಅವರತ್ತ ತಿರುಗಿದೆ.

"ಅದನ್ನ ಬರದಾಂವ ನಾನ. ಬಾಯಿಲೆ ಹೇಳಾಕ ಆಗಲಿಲ್ಲ. ಓದಿದರ ಯಾರರ ಒಬ್ಬರು ಮಾತ ತಗೀತಾರ, ಆವಾಗ ನಾ ಹೇಳಿಬಿಡೂಣು ಅಂತ ಕುಂತಿದ್ದೆ. ನೀವು ಕಿಸೇದಾಗ ಇಟಕೊಂಡ್ರಿ. ಆವತ್ತಿನಿಂದ ಹಗ್ಗ ಎಣಿಸು, ಗ್ರೀಸ್ ತಾ ಅಂದ್ರಿ. ನನಗ ತಿಳೀತು. ಗೊತ್ತಿದ್ದೂ ಹೇಳವಲ್ರು ಅಂದ್ರ ನನ್ನ ಕಳಸಾಕ ಕಾಗದ ತಯಾರ ಮಾಡಾಕತ್ತಾರ ಅಂತ ತಿಳಕೊಂಡೆ."

ಅವರ ಮಾನ ಕಾಯುತ್ತಿದ್ದೇನೆ ಎಂದು ನಾನು ನಂಬಿದ್ದ ಅಷ್ಟೂ ದಿನ ಅವರು ಕೆಲಸ ಹೋಗುವ ದಿನವನ್ನು ಕಾಯುತ್ತಿದ್ದರು. ಕೊನೆಗೆ ತಡೆಯಲಾರದೆ, ಆದದ್ದಾಗಲಿ ಎಂದು ಏರಿದ್ದರು. "ಹಂಗಲ್ರಿ ಅಣ್ಣಾರ, ನಿಮ್ಮ ಮರ್ಯಾದಿ" ಎಂದು ಶುರು ಮಾಡಿ ಅಷ್ಟಕ್ಕೇ ನಿಲ್ಲಿಸಿದೆ. ಅವರ ಮರ್ಯಾದೆಗಿಂತ ಹೆಚ್ಚಾಗಿ, ಅವರೊಂದಿಗೆ ಇದನ್ನು ಮಾತಾಡುವ ಕಷ್ಟವನ್ನು ನಾನು ತಪ್ಪಿಸಿಕೊಂಡಿದ್ದೆ.

ಆಮೇಲೆ ಅವರು ನಡೆದದ್ದನ್ನು ಹೇಳಿದರು. ಹಿಂದಿನ ವರ್ಷ ಹೀಗೇ ಗಾಳಿಯ ದಿನ, ಮೇಲಿನ ಕೋಣೆಯ ಹೊರಗೆ ನಿಂತು ಕೆಲಸ ಮಾಡುವಾಗ ಕಾಲು ಜಾರಿ ಹಗ್ಗಕ್ಕೆ ಜೋತುಬಿದ್ದಿದ್ದರು. ಲಕ್ಷ್ಮೇಶ್ವರದವರು ಮೇಲೆಳೆದುಕೊಂಡಿದ್ದರು. ಮೈಗೆ ಒಂದು ಗೀರೂ ಆಗಿರಲಿಲ್ಲ. ಇಬ್ಬರೂ ಯಾರಿಗೂ ಹೇಳದೆ ಇಳಿದುಬಂದಿದ್ದರು. ಮುಂದಿನ ವಾರ ಏರಲು ಹೋದಾಗ ಎರಡನೆಯ ಅಟ್ಟದಲ್ಲಿ ಕೈ ಹಿಡಿದುಕೊಂಡವು. "ಹೊಲದಾಗಿನ ಗಿಡಾನೂ ಏರಾಕ ಆಗವಲ್ದು ಈಗ" ಎಂದರು. "ಎಷ್ಟ ಮಂದಿಗೆ ನಾ ಅಂಜಿಕಿ ಬಿಡಿಸೇನಿ. ನಂದು ನನಗ ಬಿಡಿಸಿಕೊಳ್ಳಾಕ ಬರಲಿಲ್ಲ."

ಇಳಿಯುವಾಗ ನಾನು ಅವರ ಕೆಳಗೆ ಇದ್ದೆ, ಲಕ್ಷ್ಮೇಶ್ವರದವರು ಮೇಲೆ. ಒಂದೊಂದು ಹೆಜ್ಜೆಗೂ ಅವರ ಪಾದವನ್ನು ಕೈಯಿಂದ ಹಿಡಿದು ಮೆಟ್ಟಿಲ ಮೇಲೆ ಇಡುತ್ತಿದ್ದೆ. "ಇಟ್ಟೇನ್ರಿ?" ಎನ್ನುತ್ತಿದ್ದೆ. "ಹೂಂ" ಎನ್ನುತ್ತಿದ್ದರು. ಅಷ್ಟೇ ಮಾತು, ಬುಡ ಮುಟ್ಟುವ ತನಕ.

ನಾವು ಹೊರಗೆ ಬರುವ ಹೊತ್ತಿಗೆ ಶಿರಹಟ್ಟಿಯವನೂ ಬಂದಿದ್ದ. ಕಾಕಾ ತನ್ನ ಗುಡಿಸಲಿನಿಂದ ತಂಬಿಗೆ ನೀರು ತಂದ, ಆಮೇಲೆ ಚಹಾ ಕಾಸಿದ. ಟವರಿನ ಬುಡದ ಸಿಮೆಂಟು ಕಟ್ಟೆಯ ಮೇಲೆ ಎಲ್ಲರೂ ಕೂತೆವು. ಹಾಳೆ ಇರಲಿಲ್ಲ, ಪೆನ್ನು ಇರಲಿಲ್ಲ. ಅಣ್ಣಾರೇ ಮಾತು ತೆಗೆದರು. ಮೇಲೆ ನನಗೆ ಹೇಳಿದ್ದನ್ನು ಎಲ್ಲರ ಮುಂದೆ ಮತ್ತೊಮ್ಮೆ ಹೇಳಿದರು, ಚೀಟಿಯ ವಿಷಯವನ್ನೂ ಬಿಡದೆ. "ನನ್ನ ಸಲುವಾಗಿ ನೀವೆಲ್ಲಾ ಭಾಳ ಏರೀರಿ. ಇನ್ನ ಸಾಕು" ಎಂದರು.

ಅವರ ಮಾತು ಮುಗಿದ ಮೇಲೆ ನಾನು ಹೇಳಿದೆ, "ತಪ್ಪ ನಂದೈತಿ. ಆ ಚೀಟಿ ನಾ ಓದಲಿಲ್ಲ. ಬರದಾಂವ ನೀನಂತ ತಿಳದು ನಿನ್ನ ಮ್ಯಾಲ ಸಿಟ್ಟ ಇಟಕೊಂಡಿದ್ದೆ, ತಮ್ಮಾ." ಕೊನೆಯ ಮಾತು ಶಿರಹಟ್ಟಿಯವನಿಗೆ. ಅವನು ಚಹಾದ ಬಟ್ಟಲು ಕೆಳಗಿಟ್ಟ. "ನಾನೂ ಅದನ್ನ ಬರೀಬೇಕಂತ ಪೆನ್ನ ತಗೊಂಡಿದ್ದೆರಿ. ಕೈ ಬರಲಿಲ್ಲ, ಬಿಡಿಭಾಗದ್ದ ಬರದೆ" ಎಂದ. ಲಕ್ಷ್ಮೇಶ್ವರದವರು, "ನಾನೂ" ಎಂದರು.

ಆಗ ಕಾಕಾ ಕೆಮ್ಮಿದ. "ನಾ ಒಂದ ಮಾತ ಹೇಳ್ಲೇನ್ರಿ? ಆವತ್ತೂ ಹೇಳಾಂವಿದ್ದೆ. ಚೀಟ್ಯಾಗೂ ಇದನ್ನ ಬರಸಿದ್ದೆ."

"ಹೇಳ್ರಿ ಕಾಕಾ."

"ನಾ ದಿನಾ ಇಲ್ಲೇ ಕುಂತು ನೋಡ್ತೀನಿ. ಇವರು ಮ್ಯಾಲ ಹೋಗ್ತಾರ. ಬೇಕಾದ ಪಾನಾ ಕೆಳಗ ಉಳದಿರತೈತಿ. ಹಗ್ಗದಾಗ ಚೀಲಾ ಇಳಸ್ತಾರ. ಆ ಪಾನಾ ಗಾಡ್ಯಾಗೂ ಇರೂದಿಲ್ಲ, ಮುಂಡರಗ್ಯಾಗ ಇರತೈತಿ. ಅದ ಬರೂತನಾ ಇಬ್ಬರೂ ಮ್ಯಾಲ ಕುಂತಿರ್ತಾರ. ಅಣ್ಣಾರು ಏರೂಮುಂದ ಹಿಂಗ ಆಗತಿರಲಿಲ್ಲ. ಅವರು ಬಾಗಲಾ ತಗದು, ಕಿವಿ ಕೊಟ್ಟ ಕೇಳಿ, ಒಳಗಿನ ಕರೆಂಟಿನ ಡಬ್ಬಿ ನೋಡಿ, ಇಂಥಾದ್ದ ಕೆಟ್ಟೈತಿ ಅಂತ ಹೇಳಿ, ಅದಕ್ಕ ಬೇಕಾದ್ದಷ್ಟ ಚೀಲದಾಗ ಹಾಕ್ಕೊಂಡು ಏರತಿದ್ರು."

ಶಿರಹಟ್ಟಿಯವನು ತಲೆ ಕೆರೆದುಕೊಂಡ. "ಖರೆ ಐತ್ರಿ. ನಮಗ ಮ್ಯಾಲ ಹೋಗೂತನಾ ಏನ ಕೆಟ್ಟೈತಿ ಅಂತ ತಿಳಿಯೂದಿಲ್ಲ."

ಅಲ್ಲಿಂದ ಮಾತು ತಾನಾಗಿ ಬೆಳೆಯಿತು. ಮೊದಲು ಅಣ್ಣಾರು ಹೋಗಿ ಬುಡದಲ್ಲೇ ಪರೀಕ್ಷೆ ಮಾಡುವುದು. ಏನು ಬೇಕೆಂದು ಬರೆದು ಚೀಲ ಕಟ್ಟುವುದು. ಆಮೇಲೆ ಇಬ್ಬರು ಒಂದೇ ಸಲ ಏರಿ ಮುಗಿಸಿ ಇಳಿಯುವುದು. ಅವರು ಮೇಲಿರುವಾಗ ಅಣ್ಣಾರು ಗಾಡಿಯವನೊಂದಿಗೆ ಮುಂದಿನ ಟವರಿಗೆ ಹೋಗಿ ಅದನ್ನು ನೋಡಿಟ್ಟಿರುವುದು. ಗಾಡಿಯವನು, ಎರಡು ಗಾಡಿ ಇರುವುದರಿಂದ ಇದು ಆಗುವ ಮಾತು ಎಂದ. ಲಕ್ಷ್ಮೇಶ್ವರದವರು, ಕೊಂಡಿ ಬೆಲ್ಟುಗಳನ್ನೂ ಅಣ್ಣಾರೇ ನೋಡಿ ಕೊಟ್ಟರೆ ತನಗೆ ಧೈರ್ಯ ಎಂದರು. ಅಣ್ಣಾರು ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಎಲ್ಲರ ಮಾತನ್ನೂ ಕೇಳುತ್ತಿದ್ದರು. ಕುಡಿಯುವುದನ್ನು ಮರೆತಿದ್ದರು.

ಆ ಮಳೆಗಾಲ ನಾವು ಹಾಗೇ ಕೆಲಸ ಮಾಡಿದೆವು. ಯಂತ್ರಗಳು ಮೊದಲಿಗಿಂತ ಬೇಗ ತಿರುಗತೊಡಗಿದವು. ಆದರೆ ನಾನು ಹುಬ್ಬಳ್ಳಿಗೆ ಬರೆಯಬೇಕಾದ ವರದಿ ಬಾಕಿ ಇತ್ತು. ಈ ಸಲ ಇದ್ದದ್ದನ್ನು ಇದ್ದಹಾಗೆ ಬರೆದೆ: ಜೋತುಬಿದ್ದದ್ದು, ರಿಜಿಸ್ಟರಿನ ಸುಳ್ಳು ಸಹಿ, ಅದರ ಕೆಳಗಿನ ನನ್ನ ಸಹಿ. ಕಳಿಸುವ ಮೊದಲು ಅಣ್ಣಾರಿಗೆ ಓದಿ ಹೇಳಿದೆ. "ಕಳಸ್ರಿ" ಎಂದರು.

ಸಾಹೇಬರು ತಾವೇ ಬಂದರು. ನನಗೆ ಬೈದರು, ಬರಹದಲ್ಲಿ ಎಚ್ಚರಿಕೆಯನ್ನೂ ಕೊಟ್ಟರು. ಅದು ನ್ಯಾಯವೇ ಆಗಿತ್ತು. ಅಣ್ಣಾರನ್ನು ವೈದ್ಯರ ಬಳಿ ಕಳಿಸಿದರು. ಏರಬಾರದೆಂದು ಕಾಗದ ಬಂತು. ಏರದವನಿಗೆ ಆ ಕೆಲಸದಲ್ಲಿ ಹುದ್ದೆ ಎಂಬುದೇ ಇರಲಿಲ್ಲ. ಸಾಹೇಬರು ಕೆಟ್ಟ ಮನುಷ್ಯರಲ್ಲ. ಉಗ್ರಾಣ ನೋಡಿಕೊಳ್ಳುವವರೆಂದು ಒಂದು ವರ್ಷದ ಮಟ್ಟಿಗೆ ಉಳಿಸಿಕೊಟ್ಟರು. ವರ್ಷ ಮುಗಿಯುವಷ್ಟರಲ್ಲಿ ಸೈಟಿನ ಗುತ್ತಿಗೆ ಬೇರೆಯವರ ಕೈಗೆ ಹೋಯಿತು. ಹೊಸಬರು ಕೊಟ್ಟ ಪಟ್ಟಿಯಲ್ಲಿ ಏರುವವರ ಹೆಸರು ಮಾತ್ರ ಇದ್ದವು. ನಾನು ಎರಡು ಸಲ ಪತ್ರ ಬರೆದೆ, ಒಮ್ಮೆ ಹುಬ್ಬಳ್ಳಿಗೆ ಹೋಗಿಯೂ ಬಂದೆ. ಆಗಲಿಲ್ಲ. ಕೊನೆಯ ದಿನ ಅಣ್ಣಾರು ಉಗ್ರಾಣದ ಸಾಮಾನನ್ನೆಲ್ಲ ಶಿರಹಟ್ಟಿಯವನಿಗೆ ಒಪ್ಪಿಸಿ, ಯಾವ ಯಂತ್ರ ಹೇಗೆ ಸದ್ದು ಮಾಡಿದರೆ ಏನು ಕೆಟ್ಟಿರುತ್ತದೆ ಎಂದು ಒಂದು ವಹಿಯಲ್ಲಿ ಬರೆದುಕೊಟ್ಟು ಹೋದರು.

ಆಮೇಲೆ ನಾನೂ ಆ ಸೈಟು ಬಿಟ್ಟೆ. ಕಳೆದ ವರ್ಷ ಮುಂಡರಗಿಗೆ ಹೋದವನು ಹಮ್ಮಿಗಿಗೂ ಹೋಗಿ ಬಂದೆ. ಹೊಳೆಯ ದಂಡೆಯ ಊರುಗಳಲ್ಲಿ ಈಗ ಅವರು ಪಂಪ್‌ಸೆಟ್ಟು ರಿಪೇರಿ ಮಾಡುತ್ತಾರೆ. ನಾನು ಹೋದಾಗ ಮನೆಯ ಮುಂದೆ ಒಂದು ಮೋಟಾರು ಬಿಚ್ಚಿಕೊಂಡು ಕೂತಿದ್ದರು. ಕೈ ತುಂಬ ಎಣ್ಣೆ. "ಬರ್ರಿ ಸರ, ಕುಂಡ್ರಿ" ಎಂದು ಹೊರಸು ತೋರಿಸಿದರು. ಈಗ ನಾ ನಿಮಗೆ ಸರ ಅಲ್ಲ ಎಂದೆ. ಸ್ವಲ್ಪ ನಕ್ಕರು. ರೂಢಿ ಬದಲಾಗಲಿಲ್ಲ.

ಊಟಕ್ಕೆ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ಬಡಿಸುತ್ತ ಅವರ ಮನೆಯವರು ಹೇಳಿದರು, "ಆ ವರ್ಷ ಇವರು ಒಂದ ದಿನಾನೂ ನೆಟ್ಟಗ ಉಂಡಿಲ್ಲರಿ. ಬುತ್ತಿ ಹಂಗ ತಿರುಗಿ ಬರತಿತ್ತು. ಏನಾಗೇತಿ ಅಂದ್ರ ಏನೂ ಇಲ್ಲ ಅಂತಿದ್ರು. ನನಗೂ ಹೇಳಿರಲಿಲ್ಲ."

ನಾನು ತಲೆ ಎತ್ತಿ ಅಣ್ಣಾರನ್ನು ನೋಡಿದೆ. ಅವರು ರೊಟ್ಟಿ ಮುರಿಯುತ್ತಿದ್ದರು.

"ಆವತ್ತ ನಾ ಓದಿದ್ದರ ನಿಮ್ಮ ಕೆಲಸ ಉಳೀತಿತ್ತೇನ್ರಿ?" ಎಂದು ಕೇಳಿದೆ. ಬಹಳ ದಿನದಿಂದ ಕೇಳಬೇಕೆಂದಿದ್ದ ಮಾತು.

ಅವರು ಯೋಚಿಸಿದರು. "ಉಳೀತಿರಲಿಲ್ಲ. ಗುತ್ತಿಗಿ ಹೆಂಗೂ ಹೋಗಾದಿತ್ತು" ಎಂದರು. ರೊಟ್ಟಿಯ ತುಣುಕನ್ನು ಪಲ್ಯದಲ್ಲಿ ಅದ್ದಿ, "ಆದರ ಆ ಕೆಲವು ತಿಂಗಳು ನಾ ಉಂಡಿರತಿದ್ದೆ" ಎಂದರು.

ಸಿಟ್ಟಿನಿಂದ ಹೇಳಿದ ಮಾತಲ್ಲ. ಕೇಳಿದ್ದಕ್ಕೆ ಖರೆ ಉತ್ತರ ಕೊಟ್ಟಿದ್ದರು ಅಷ್ಟೇ. ನನಗೆ ಇನ್ನೊಂದು ರೊಟ್ಟಿ ಹಾಕಲು ಹೆಂಡತಿಗೆ ಸನ್ನೆ ಮಾಡಿದರು. ನಾನು ಬೇಡ ಎನ್ನಲಿಲ್ಲ. ಊಟ ಮುಗಿದ ಮೇಲೆ ಅವರು ಮೋಟಾರಿನ ಮುಂದೆ ಹೋಗಿ ಕೂತರು. ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನೂ ಅಂಗಿಯ ತೋಳು ಮಡಚಿ, ಅವರು ಕೇಳಿದ ಪಾನಾ ಎತ್ತಿ ಕೊಡುತ್ತ ಪಕ್ಕದಲ್ಲಿ ಕೂತೆ.